ಚೆಂಡು ಬಿಟ್ಟುಕೊಡದ ಕೆಡೆಟ್‌ಗಳು: ವೆಸ್ಟ್ ಪಾಯಿಂಟ್ ತಂಡದ 2024ರ ಸೀಸನ್

2024ರ ನವೆಂಬರ್ 9. ಟೆಕ್ಸಾಸ್ ರಾಜ್ಯದ ಡೆಂಟನ್ ಊರಿನಲ್ಲಿ ನಾರ್ತ್ ಟೆಕ್ಸಾಸ್ ವಿಶ್ವವಿದ್ಯಾಲಯದ ವಿರುದ್ಧ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಎರಡನೇ ಅರ್ಧದ ಆಟ ನಡೆಯುತ್ತಿದೆ. ಅಮೆರಿಕದ ಸೇನಾ ಅಕಾಡೆಮಿಯ ಕೆಡೆಟ್‌ಗಳ ತಂಡ, ಎಲ್ಲರೂ ಕರೆಯುವಂತೆ 'ಆರ್ಮಿ', ತನ್ನದೇ ಗೋಲಿನಿಂದ ಬರೀ 6 ಗಜ ಮುಂದೆ ಚೆಂಡು ಹಿಡಿದು ನಿಂತಿದೆ. ಎದುರು ತುದಿ ಮುಟ್ಟಲು ಇನ್ನೂ 94 ಗಜ ಹೋಗಬೇಕು. ಬೇರೆ ಯಾವ ತಂಡವಾದರೂ ಚೆಂಡನ್ನು ದೂರಕ್ಕೆ ಎಸೆದು ಇಕ್ಕಟ್ಟಿನಿಂದ ಪಾರಾಗಲು ನೋಡುತ್ತಿತ್ತು. ಆರ್ಮಿ ಹಾಗೆ ಮಾಡಲಿಲ್ಲ. ಮೂರು ಗಜ ಓಡಿತು. ಮತ್ತೆ ನಾಲ್ಕು ಗಜ. ಮತ್ತೆ ಎರಡು. ಪ್ರತಿ ಸಲ ಎದ್ದು, ಸಾಲು ಕಟ್ಟಿ, ಗಡಿಯಾರವನ್ನು ಓಡಲು ಬಿಟ್ಟು, ಮತ್ತೆ ನುಗ್ಗಿತು. ಹೀಗೆ 21 ಸಲ. ಕೊನೆಗೆ ಗೆರೆ ದಾಟಿ ಟಚ್‌ಡೌನ್ ಆಗುವಷ್ಟರಲ್ಲಿ 13 ನಿಮಿಷ 54 ಸೆಕೆಂಡು ಕಳೆದಿತ್ತು. ಈ ಆಟದಲ್ಲಿ ಒಂದು ಕ್ವಾರ್ಟರ್ ಎಂದರೆ 15 ನಿಮಿಷ. ಅಂದರೆ ಪಂದ್ಯದ ಸರಿಸುಮಾರು ಕಾಲು ಭಾಗ ಒಂದೇ ಓಟದ ಸರಣಿಗೆ ಹೋಯಿತು. ಆ ವರ್ಷ ದೇಶದಲ್ಲೇ ಅತಿ ಹೆಚ್ಚು ಅಂಕ ಗಳಿಸುತ್ತಿದ್ದ ತಂಡಗಳಲ್ಲಿ ಒಂದಾದ ನಾರ್ತ್ ಟೆಕ್ಸಾಸ್‌ನ ಆಕ್ರಮಣದ ಆಟಗಾರರು ಅಷ್ಟೂ ಹೊತ್ತು ಗೆರೆಯಾಚೆ ನಿಂತು ನೋಡುವುದನ್ನು ಬಿಟ್ಟು ಬೇರೇನೂ ಮಾಡುವಂತಿರಲಿಲ್ಲ. ಆರ್ಮಿ 14-3ರಿಂದ ಗೆದ್ದಿತು.

ಆರ್ಮಿಯ ಆ ಇಡೀ ಸೀಸನ್ ಅರ್ಥವಾಗಬೇಕಾದರೆ ಈ 13 ನಿಮಿಷ 54 ಸೆಕೆಂಡು ಅರ್ಥವಾಗಬೇಕು. ಒಂದು ತಂಡ ಯಾಕೆ ಹೀಗೆ ಆಡುತ್ತದೆ? ಇಷ್ಟವೆಂದೇ, ಬೇರೆ ದಾರಿಯಿಲ್ಲವೆಂದೇ? ನನ್ನ ಪ್ರಕಾರ ಎರಡೂ ಹೌದು. ಅದನ್ನು ಬಿಡಿಸಿ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಅಮೆರಿಕನ್ ಫುಟ್‌ಬಾಲ್ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಒಂದೊಂದು ತಂಡದಲ್ಲಿ 11 ಜನ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಅವಕಾಶ. ಒಂದೊಂದು ಅವಕಾಶಕ್ಕೂ 'ಡೌನ್' ಎಂದು ಹೆಸರು. ನಾಲ್ಕರೊಳಗೆ 10 ಗಜ ಮುಂದೆ ಹೋದರೆ ಮತ್ತೆ ಹೊಸದಾಗಿ ನಾಲ್ಕು ಸಿಗುತ್ತವೆ, ಹೋಗದಿದ್ದರೆ ಚೆಂಡು ಎದುರಾಳಿಗೆ. ಮುಂದೆ ಹೋಗಲು ಓಡಬಹುದು, ಇಲ್ಲವೇ ಎಸೆಯಬಹುದು. ಎಸೆದರೆ ಒಂದೇ ಏಟಿಗೆ 40-50 ಗಜ ಸಿಗಬಹುದು. ಆದರೆ ಹಿಡಿಯುವವನ ಕೈತಪ್ಪಿದರೆ ಗಡಿಯಾರ ನಿಲ್ಲುತ್ತದೆ, ಎದುರಾಳಿ ಹಿಡಿದರೆ ಚೆಂಡೇ ಹೋಗುತ್ತದೆ. ಓಡಿದರೆ ಸಿಗುವುದು ಸ್ವಲ್ಪ, ಆದರೆ ಗಡಿಯಾರ ನಿಲ್ಲುವುದಿಲ್ಲ. ಹೆಚ್ಚಿನ ತಂಡಗಳು ಮೂರು ಡೌನ್ ಆಡಿ ನಾಲ್ಕನೆಯದರಲ್ಲಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಒಪ್ಪಿಸುತ್ತವೆ. ಆರ್ಮಿ ನಾಲ್ಕನ್ನೂ ಆಡಲು ಹೆದರುವುದಿಲ್ಲ. ಲೆಕ್ಕ ಹಾಕಿ ನೋಡಿ: ಮೂರು ಸಲದಲ್ಲಿ 10 ಗಜ ಹೋಗಲು ಸಲಕ್ಕೆ ಮೂರು ಗಜದ ಮೇಲೆ ಬೇಕು, ನಾಲ್ಕು ಸಲವಾದರೆ ಎರಡೂವರೆ ಗಜ ಸಾಕು.

ಇನ್ನು ಆ ಕಾಲೇಜು. ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಹಡ್ಸನ್ ನದಿಯ ತಿರುವಿನ ಬಂಡೆಗಳ ಮೇಲೆ ವೆಸ್ಟ್ ಪಾಯಿಂಟ್ ಇದೆ. 1802ರಲ್ಲಿ ಶುರುವಾದ ಅಕಾಡೆಮಿ. ಸುಮಾರು 4,400 ಕೆಡೆಟ್‌ಗಳು ಅಲ್ಲಿ ನಾಲ್ಕು ವರ್ಷ ಓದಿ, ಪದವಿಯ ಜೊತೆಗೆ ಸೆಕೆಂಡ್ ಲೆಫ್ಟಿನೆಂಟ್ ಹುದ್ದೆ ಪಡೆದು ಹೊರಬರುತ್ತಾರೆ. ಓದಿಗೆ ದುಡ್ಡಿಲ್ಲ, ಮೇಲೆ ತಿಂಗಳಿಗೆ ಸಣ್ಣ ಸಂಬಳ. ಬದಲಿಗೆ ಐದು ವರ್ಷ ಸೇನೆಯಲ್ಲಿ ಪೂರ್ಣಾವಧಿ ಸೇವೆ, ಆಮೇಲೆ ಮೂರು ವರ್ಷ ಮೀಸಲು ಪಡೆ. ಫುಟ್‌ಬಾಲ್ ಆಡುವವನಿಗೂ ಇದರಲ್ಲಿ ವಿನಾಯಿತಿ ಇಲ್ಲ. ಬೆಳಗಿನ ಹಾಜರಿ, ಎಂಜಿನಿಯರಿಂಗ್ ಮತ್ತು ಗಣಿತದ ಕಡ್ಡಾಯ ಪಾಠ, ಬೇಸಿಗೆಯಲ್ಲಿ ಕಾಡು-ಗುಡ್ಡದ ಸೈನಿಕ ತರಬೇತಿ, ಎಲ್ಲ ಮುಗಿಸಿ ಸಂಜೆ ಮೈದಾನಕ್ಕಿಳಿಯಬೇಕು.

ಈಗ ಇದನ್ನು ಉಳಿದ ಕಾಲೇಜುಗಳ ಪಕ್ಕ ಇಟ್ಟು ನೋಡಿ. 2021ರ ಜುಲೈಯಿಂದ ಅಮೆರಿಕದ ಕಾಲೇಜು ಆಟಗಾರರು ತಮ್ಮ ಹೆಸರು-ಮುಖವನ್ನು ಜಾಹೀರಾತಿಗೆ ಕೊಟ್ಟು ದುಡ್ಡು ಮಾಡಬಹುದು. ತಂಡದ ಆಕ್ರಮಣ ನಡೆಸುವ, ಚೆಂಡು ಎಸೆಯುವ ಆಟಗಾರನಿಗೆ 'ಕ್ವಾರ್ಟರ್‌ಬ್ಯಾಕ್' ಎಂದು ಹೆಸರು; ದೊಡ್ಡ ಕ್ವಾರ್ಟರ್‌ಬ್ಯಾಕ್‌ಗಳು ಹತ್ತು ಲಕ್ಷ ಡಾಲರ್ ದಾಟುತ್ತಾರೆ. 2024ರ ಏಪ್ರಿಲ್‌ನಿಂದ ಎಷ್ಟು ಸಲ ಬೇಕಾದರೂ ಕಾಲೇಜು ಬದಲಿಸಿ ತಕ್ಷಣ ಆಡಬಹುದು. ಕೆಡೆಟ್‌ಗಳು ಸರ್ಕಾರದ ನೌಕರರೆಂಬ ಲೆಕ್ಕ, ಹಾಗಾಗಿ ಅವರಿಗೆ ಆ ದುಡ್ಡು ಇಲ್ಲ. ಬೇರೆ ಕಾಲೇಜಿನಲ್ಲಿ ಎರಡು-ಮೂರು ವರ್ಷ ಪಳಗಿದ ಆಟಗಾರನನ್ನು ನೇರವಾಗಿ ಕರೆತರಲೂ ಆಗುವುದಿಲ್ಲ, ಯಾರೇ ಬಂದರೂ ಮೊದಲ ವರ್ಷದಿಂದಲೇ ಶುರು ಮಾಡಬೇಕು. ಬೇರೆಡೆ ಒಬ್ಬ ಹುಡುಗ ಒಂದು ವರ್ಷ ಆಡದೆ ಮೈ ಬೆಳೆಸಿಕೊಂಡು ಐದನೇ ವರ್ಷ ಮೈದಾನಕ್ಕಿಳಿಯಬಹುದು. ಇಲ್ಲಿ ನಾಲ್ಕೇ ವರ್ಷ. ಇನ್ನೊಂದು ಕಷ್ಟ ಎಲ್ಲಕ್ಕಿಂತ ಹೆಚ್ಚಿನದು. ಮುಂದಿನ ಸಾಲಿನಲ್ಲಿ ಮೈಗೆ ಮೈ ಕೊಟ್ಟು ತಡೆಯುವ ಲೈನ್‌ಮನ್‌ಗಳು ಈ ಆಟದಲ್ಲಿ 135-140 ಕಿಲೋ ತೂಗುವುದು ಸಾಮಾನ್ಯ. ಆದರೆ ಸೇನೆಯ ಅಧಿಕಾರಿಯಾಗಲು ದೇಹದ ಅಳತೆಗೆ ಮಿತಿಯಿದೆ. ಕೊನೆಯ ಪಂದ್ಯ ಮುಗಿದ ಮೇಲೆ ಪದವಿಯ ದಿನದೊಳಗೆ ಅವರು ಆ ಮಿತಿಯೊಳಗೆ ಬರಬೇಕು.

ದೊಡ್ಡ ಮೈ ಇಲ್ಲ, ದುಡ್ಡಿಲ್ಲ, ವೃತ್ತಿಪರ ಲೀಗಿನ ಕನಸು ಹೊತ್ತವರು ಈ ಕಡೆ ತಲೆ ಹಾಕುವುದೂ ಕಡಿಮೆ. ಇಂಥ ತಂಡ ಗೆಲ್ಲುವುದು ಹೇಗೆ?

ಉತ್ತರ 'ಆಪ್ಷನ್' ಎಂಬ ಓಟದ ಪದ್ಧತಿಯಲ್ಲಿದೆ. ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಹಿಂದಿನ ಓಟಗಾರನಿಗೆ ಕೊಟ್ಟು ಸುಮ್ಮನಾಗುತ್ತಾನೆ. ಆಗ ಎದುರಾಳಿಯ 11 ಜನರನ್ನು ತಡೆಯಲು ಉಳಿಯುವವರು ಒಂಬತ್ತೇ ಜನ. ಆಪ್ಷನ್ ಈ ಲೆಕ್ಕವನ್ನೇ ತಿರುಗಿಸುತ್ತದೆ. ಎದುರು ಸಾಲಿನ ತುದಿಯಲ್ಲಿರುವ ಒಬ್ಬ ಬಲಶಾಲಿಯನ್ನು ಬೇಕೆಂದೇ ತಡೆಯದೆ ಬಿಡುತ್ತಾರೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಪಕ್ಕದಲ್ಲಿ ನುಗ್ಗುವ ಓಟಗಾರನ ಹೊಟ್ಟೆಯ ಬಳಿ ಹಿಡಿದು ಆ ಬಲಶಾಲಿಯ ಭುಜ ಎತ್ತ ತಿರುಗುತ್ತದೆ ಎಂದು ನೋಡುತ್ತಾನೆ. ಅವನು ಒಳಗೆ ಬಂದರೆ ಚೆಂಡು ಎಳೆದುಕೊಂಡು ತಾನೇ ಹೊರಗೆ ಓಡುತ್ತಾನೆ. ಹೊರಗೇ ನಿಂತರೆ ಚೆಂಡು ಬಿಟ್ಟುಕೊಡುತ್ತಾನೆ, ಓಟಗಾರ ನಡುವಿನಲ್ಲಿ ನುಗ್ಗುತ್ತಾನೆ. ತಾನೇ ಓಡಿದಾಗಲೂ ಹೊರಬದಿಯಲ್ಲಿ ಇನ್ನೊಬ್ಬ ಓಟಗಾರ ಜೊತೆಗಿರುತ್ತಾನೆ, ಎರಡನೇ ಎದುರಾಳಿ ಮೈಮೇಲೆ ಬಂದರೆ ಚೆಂಡನ್ನು ಅವನತ್ತ ಎಸೆದರಾಯಿತು. ಕಬಡ್ಡಿಯಲ್ಲಿ ರೈಡರ್ ಮೂಲೆಯವನ ಕಾಲಿನ ಮೇಲೆ ಕಣ್ಣಿಟ್ಟು ಅವನು ಮುಂದಿಟ್ಟ ಗಳಿಗೆಯಲ್ಲೇ ತಿರುಗುತ್ತಾನಲ್ಲ, ಹಾಗೆ. ಮುಟ್ಟದೆಯೇ ಒಬ್ಬನನ್ನು ಆಟದಿಂದ ಹೊರಗಿಟ್ಟಂತಾಯಿತು. 110 ಕಿಲೋದ ಹುಡುಗ 140 ಕಿಲೋದವನನ್ನು ಎತ್ತಿ ಎಸೆಯಬೇಕಾಗಿಲ್ಲ. ತಪ್ಪು ನಿರ್ಧಾರಕ್ಕೆ ಅವನನ್ನು ಒಂದು ಕ್ಷಣ ಎಳೆದರೆ ಸಾಕು.

ಎರಡನೇ ಲಾಭ ಗಡಿಯಾರದ್ದು. ಎರಡು ಡೌನ್‌ಗಳ ನಡುವೆ 40 ಸೆಕೆಂಡು ಸಿಗುತ್ತದೆ. ಆರ್ಮಿ ಅದನ್ನು ಕೊನೆಯವರೆಗೆ ಬಳಸುತ್ತದೆ. ಹೀಗಾಗಿ ಇಡೀ ಪಂದ್ಯದಲ್ಲಿ ಎರಡೂ ತಂಡಗಳಿಗೆ ಚೆಂಡು ಸಿಗುವ ಸರದಿಗಳೇ ಕಡಿಮೆಯಾಗುತ್ತವೆ. ಮಳೆ ಬಂದು 20 ಓವರ್ ಪಂದ್ಯ ಎಂಟು ಓವರ್‌ಗೆ ಇಳಿದಾಗ ಚಿಕ್ಕ ತಂಡದ ಎದೆಯಲ್ಲಿ ಆಸೆ ಹುಟ್ಟುತ್ತದಲ್ಲ, ಅದೇ ತರ್ಕ. ಆಟ ಚಿಕ್ಕದಾದಷ್ಟೂ ಬಲಶಾಲಿಯ ಬಲ ಮೇಲೆ ಬರಲು ಸಮಯ ಸಾಲದು. ಆರ್ಮಿ ಪ್ರತಿ ಶನಿವಾರ ತಾನೇ ಮಳೆ ತರಿಸುತ್ತದೆ ಎನ್ನಬಹುದು.

ಆದರೆ 2024ರ ಹಿಂದಿನ ಎರಡು ವರ್ಷಗಳಲ್ಲಿ ಈ ಪದ್ಧತಿಗೇ ಪೆಟ್ಟು ಬಿದ್ದಿತ್ತು. ಆಪ್ಷನ್ ಆಡುವವರು ದೊಡ್ಡ ಮೈಯವರನ್ನು ಸೊಂಟದ ಕೆಳಗೆ ಬಿದ್ದು ತಡೆಯುತ್ತಿದ್ದರು. ಮೊಣಕಾಲಿಗೆ ಅಪಾಯವೆಂದು 2022ರಲ್ಲಿ ನಿಯಮ ಬದಲಾಯಿತು: ಸಾಲಿನ ನಡುಭಾಗದ ಹೊರಗೆ ಸೊಂಟದ ಕೆಳಗೆ ತಡೆಯುವಂತಿಲ್ಲ. ಹೊರಬದಿಯ ಓಟಕ್ಕೆ ಅದೇ ಜೀವಾಳವಾಗಿತ್ತು. 2014ರಿಂದ ಕೋಚ್ ಆಗಿರುವ ಜೆಫ್ ಮಂಕನ್ 2023ರಲ್ಲಿ ಹಳೆಯದನ್ನು ಬಹುಮಟ್ಟಿಗೆ ಕೈಬಿಟ್ಟು, ಎಲ್ಲರಂತೆ ಕ್ವಾರ್ಟರ್‌ಬ್ಯಾಕ್‌ನನ್ನು ಹಿಂದೆ ನಿಲ್ಲಿಸಿ ಆಡುವ ಹೊಸ ಪದ್ಧತಿ ತಂದರು. ಆರು ಗೆಲುವು, ಆರು ಸೋಲು. 2024ಕ್ಕೆ ತಂಡದೊಳಗಿನ ಕೋಚ್ ಕೋಡಿ ವರ್ಲಿಗೆ ಆಕ್ರಮಣದ ಹೊಣೆ ಕೊಟ್ಟು ಮತ್ತೆ ಆಪ್ಷನ್‌ಗೆ ಮರಳಿದರು. ಆದರೆ ಹಳೆಯದಕ್ಕೇ ಮರಳಲಿಲ್ಲ. ಹಳೆಯ ತರ್ಕ ಇಟ್ಟುಕೊಂಡು, ಹೊಸ ನಿಲುವುಗಳನ್ನೂ ಸೇರಿಸಿ, ಹೊರಬದಿಯ ಬದಲು ನಡುವಿನಲ್ಲಿ ನುಗ್ಗುವುದಕ್ಕೆ ಒತ್ತು ಕೊಟ್ಟರು. ನನಗೆ ಈ ಸೀಸನ್ನಿನ ನಿಜವಾದ ತಿರುವು ಇದೇ ಅನ್ನಿಸುತ್ತದೆ. ಇಡೀ ವರ್ಷ ನಡೆದ ಪ್ರಯೋಗ ಸರಿಬರಲಿಲ್ಲ ಎಂದು ಒಪ್ಪಿಕೊಂಡು ಹಿಂದಿರುಗುವುದು ಯಾವ ಕೋಚ್‌ಗೂ ಸುಲಭವಲ್ಲ.

ನಡುವಿನಲ್ಲಿ ನುಗ್ಗುವುದಕ್ಕೆ ತಕ್ಕ ಹುಡುಗನೂ ಇದ್ದ. ಬ್ರೈಸನ್ ಡೇಲಿ, ಟೆಕ್ಸಾಸ್‌ನ ಅಬರ್ನಾತಿ ಎಂಬ ಪುಟ್ಟ ಊರಿನವನು, ನೂರು ಕಿಲೋ ತೂಕದ ಕ್ವಾರ್ಟರ್‌ಬ್ಯಾಕ್. ತಪ್ಪಿಸಿಕೊಂಡು ಓಡುವವನಲ್ಲ, ಡಿಕ್ಕಿ ಹೊಡೆದು ಮುಂದಕ್ಕೆ ಬೀಳುವವನು. ಮೊದಲ ಆರು ಪಂದ್ಯ ನೋಡಿ: ಲೀಹೈ 42-7, ಫ್ಲೋರಿಡಾ ಅಟ್ಲಾಂಟಿಕ್ 24-7, ರೈಸ್ 37-14, ಟೆಂಪಲ್ 42-14, ಟಲ್ಸಾ 49-7, ಅಲಬಾಮಾ-ಬರ್ಮಿಂಗ್‌ಹ್ಯಾಮ್ 44-10. ಏಳನೆಯದರಲ್ಲಿ ಈಸ್ಟ್ ಕೆರೊಲಿನಾ ವಿರುದ್ಧ 45-28. ಅದೇ ಹೊತ್ತಿಗೆ ನೌಕಾಪಡೆಯ ಅಕಾಡೆಮಿಯ ತಂಡ ನೇವಿ ಕೂಡ ಸೋತಿರಲಿಲ್ಲ. ಅಕ್ಟೋಬರ್‌ನಲ್ಲಿ ದೇಶದ ಅಗ್ರ 25 ತಂಡಗಳ ಪಟ್ಟಿಯಲ್ಲಿ ಎರಡೂ ಒಟ್ಟಿಗೆ ಕಾಣಿಸಿಕೊಂಡವು. 1960ರ ನಂತರ ಹಾಗಾದದ್ದು ಅದೇ ಮೊದಲು. ನವೆಂಬರ್ 2ರಂದು ವಾಯುಪಡೆಯ ಅಕಾಡೆಮಿಯ ವಿರುದ್ಧದ ಪಂದ್ಯಕ್ಕೆ ಡೇಲಿ ಇರಲಿಲ್ಲ, ಬದಲಿಗೆ ಡಿವೇನ್ ಕೋಲ್ಮನ್ ಆಡಿ 20-3ರಿಂದ ಗೆಲ್ಲಿಸಿದ. ಮುಂದಿನ ವಾರ ಡೇಲಿ ಮರಳಿ ಬಂದ ಪಂದ್ಯವೇ ಡೆಂಟನ್‌ನದು. ಒಂಬತ್ತಕ್ಕೆ ಒಂಬತ್ತು ಗೆಲುವು. 1996ರ ನಂತರ ಇಂಥ ಆರಂಭ ಆರ್ಮಿ ಕಂಡಿರಲಿಲ್ಲ.

ಈ ಗೆಲುವುಗಳ ತೂಕ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ವೆಸ್ಟ್ ಪಾಯಿಂಟ್‌ನಲ್ಲಿ ಈ ಆಟ ಶುರುವಾದದ್ದು 1890ರಲ್ಲಿ, ಡೆನಿಸ್ ಮೈಕಿ ಎಂಬ ಕೆಡೆಟ್‌ನ ಉತ್ಸಾಹದಿಂದ. ಅವನ ತಂಡ ಆ ವರ್ಷ ನೇವಿ ವಿರುದ್ಧ 24-0ರಿಂದ ಸೋತಿತು. ಎಂಟು ವರ್ಷದ ನಂತರ ಕ್ಯೂಬಾದ ಯುದ್ಧದಲ್ಲಿ ಮೈಕಿ ಗುಂಡೇಟಿಗೆ ಬಲಿಯಾದ. 1924ರಲ್ಲಿ ತೆರೆದ ಸ್ಟೇಡಿಯಂಗೆ ಅವನದೇ ಹೆಸರು. 1944, 45ರಲ್ಲಿ ಆರ್ಮಿ ದೇಶಕ್ಕೇ ಮೊದಲು, 46ರಲ್ಲೂ ಕೆಲವು ಪಟ್ಟಿಗಳ ಪ್ರಕಾರ ಮೊದಲು. ಆಮೇಲೆ ಇಳಿಜಾರು. 1998ರಲ್ಲಿ ಕಾನ್ಫರೆನ್ಸ್ ಯುಎಸ್‌ಎ ಎಂಬ, ಕಾಲೇಜುಗಳು ತಮ್ಮೊಳಗೇ ಆಡಿ ಪ್ರಶಸ್ತಿ ನಿರ್ಧರಿಸುವ ಕೂಟ ಸೇರಿ ಸೋಲಿನ ಮೇಲೆ ಸೋಲು ಉಂಡಿತು. 2003ರಲ್ಲಂತೂ 13 ಪಂದ್ಯ ಆಡಿ 13ನ್ನೂ ಸೋತಿತು. ಮುಂದಿನ ಸೀಸನ್ ಮುಗಿಯುತ್ತಲೇ ಕೂಟ ಬಿಟ್ಟು ಒಂಟಿಯಾಯಿತು. 2002ರಿಂದ 2015ರವರೆಗೆ ನೇವಿಯ ಎದುರು ಸತತ 14 ವರ್ಷ ಸೋಲು. ಮಂಕನ್ ಬಂದ ಮೇಲೆ 2016ರಲ್ಲಿ ಆ ಸರಪಳಿ ಕಡಿಯಿತು. ಇಂಥ ತಂಡ 2024ರಲ್ಲಿ ಮತ್ತೆ ಕೂಟವೊಂದಕ್ಕೆ, ಅಮೆರಿಕನ್ ಅಥ್ಲೆಟಿಕ್ ಕಾನ್ಫರೆನ್ಸ್‌ಗೆ, ಸೇರಿದಾಗ ಹಳೆಯ ಅಭಿಮಾನಿಗಳಿಗೆ ಅಳುಕಿದ್ದದ್ದು ಸಹಜ.

ಆ ಕೂಟದಿಂದಲೇ ಒಂದು ವಿಚಿತ್ರ ಗಂಟು ಬಿತ್ತು. ನೇವಿಯೂ ಅದೇ ಕೂಟದಲ್ಲಿದೆ. ಆದರೂ ಇವೆರಡರ ನಡುವಿನ ಪಂದ್ಯ ಕೂಟದ ಅಂಕಪಟ್ಟಿಗೆ ಸೇರುವುದಿಲ್ಲ! ಆರ್ಮಿ-ನೇವಿ ಪಂದ್ಯ ನಡೆಯುವುದು ಡಿಸೆಂಬರ್‌ನ ಎರಡನೇ ಶನಿವಾರ, ಉಳಿದವರ ಸೀಸನ್ ಮುಗಿದ ಮೇಲೆ, ಆ ದಿನ ದೇಶದ ಕಣ್ಣೆಲ್ಲ ಅದರ ಮೇಲೆಯೇ. ಕೂಟದ ಫೈನಲ್ ಅದಕ್ಕೂ ಒಂದು ವಾರ ಮೊದಲು. ಹಳೆಯ ದಿನವನ್ನು ಬಿಟ್ಟುಕೊಡಲು ಯಾರೂ ಒಪ್ಪಲಿಲ್ಲ, ಹಾಗಾಗಿ ಪಂದ್ಯವನ್ನೇ ಲೆಕ್ಕದ ಹೊರಗಿಟ್ಟರು. ಎರಡೂ ತಂಡ ಕೂಟದ ಫೈನಲ್ ತಲುಪಿದ್ದರೆ ಎಂಟೇ ದಿನದಲ್ಲಿ ಎರಡು ಸಲ ಎದುರಾಗಬೇಕಿತ್ತು. ಅಕ್ಟೋಬರ್‌ನಲ್ಲಿ ಅದು ಆಗಿಯೇ ಬಿಡುತ್ತದೆ ಅನ್ನಿಸಿತ್ತು, ಆಮೇಲೆ ನೇವಿ ರೈಸ್‌ಗೂ ಟುಲೇನ್‌ಗೂ ಸೋತು ಹಿಂದೆ ಬಿತ್ತು. ಇನ್ನೊಂದು ಗಂಟು: ಆ ವರ್ಷ ಮೊದಲ ಸಲ ರಾಷ್ಟ್ರೀಯ ಪ್ರಶಸ್ತಿಗೆ 12 ತಂಡಗಳ ಪ್ಲೇಆಫ್. ಅತ್ಯುನ್ನತ ಶ್ರೇಯಾಂಕದ ಐದು ಕೂಟ ವಿಜೇತರಿಗೆ ಅದರಲ್ಲಿ ಖಚಿತ ಜಾಗ. ಆದರೆ ಆಯ್ಕೆ ನಡೆಯುವುದು ಡಿಸೆಂಬರ್ 8ಕ್ಕೆ, ಆರ್ಮಿ-ನೇವಿ ಪಂದ್ಯ 14ಕ್ಕೆ. ಅಂದರೆ ಒಂದು ಪಂದ್ಯ ಬಾಕಿಯಿರುವ ತಂಡವನ್ನು ಆರಿಸಬೇಕೇ ಬೇಡವೇ ಎಂಬ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರಿಸುವ ಅಗತ್ಯ ಬೀಳಲಿಲ್ಲ. ನವೆಂಬರ್ 23ರಂದು ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂನಲ್ಲಿ ನೋಟರ್ ಡೇಮ್ 49-14ರಿಂದ ಆರ್ಮಿಯನ್ನು ನೆಲಕ್ಕೊರೆಸಿತು. ಆ ಸೀಸನ್ ರಾಷ್ಟ್ರೀಯ ಫೈನಲ್‌ವರೆಗೂ ಹೋದ ತಂಡ ಅದು. ಆಪ್ಷನ್‌ನ ಇನ್ನೊಂದು ಮುಖ ಅಂದು ಕಂಡಿತು. ನಿಧಾನವಾಗಿ ಆಡುವುದು ಮುಂದಿರುವವನಿಗೆ ವರ, ಹಿಂದೆ ಬಿದ್ದವನಿಗೆ ಶಾಪ. 20 ಅಂಕ ಹಿಂದಿರುವಾಗ ಮೂರು-ಮೂರು ಗಜ ಓಡುತ್ತ ಕೂರಲಾಗದು, ಎಸೆಯಲೇಬೇಕು, ಎಸೆಯುವುದು ಈ ತಂಡದ ಕೈಗೆ ಪಳಗಿದ ಕೆಲಸವಲ್ಲ. ಪ್ಲೇಆಫ್‌ನ ಆ ಜಾಗ ಬಾಯ್ಸಿ ಸ್ಟೇಟ್ ಪಾಲಾಯಿತು.

ಹಾಗೆಂದು ಸೀಸನ್ ಕುಸಿಯಲಿಲ್ಲ. ಒಂದು ವಾರದ ನಂತರ ಟೆಕ್ಸಾಸ್-ಸ್ಯಾನ್ ಆಂಟೋನಿಯೋ ವಿರುದ್ಧ 29-24ರ ಕಷ್ಟದ ಗೆಲುವು, ಕೂಟದಲ್ಲಿ ಎಂಟಕ್ಕೆ ಎಂಟು. ಡಿಸೆಂಬರ್ 6ರ ರಾತ್ರಿ ಮೈಕಿ ಸ್ಟೇಡಿಯಂನಲ್ಲೇ ಫೈನಲ್. ಟುಲೇನ್ ವಿರುದ್ಧ 35-14, ಡೇಲಿಯದೇ ನಾಲ್ಕು ಟಚ್‌ಡೌನ್. ಚಳಿಯಲ್ಲಿ ಬೂದು ಕೋಟು ತೊಟ್ಟ ಕೆಡೆಟ್‌ಗಳು ಮೈದಾನಕ್ಕೆ ಹರಿದು ಬಂದರು. 134 ವರ್ಷದಲ್ಲಿ ಆರ್ಮಿ ಗೆದ್ದ ಮೊದಲ ಕೂಟದ ಪ್ರಶಸ್ತಿ ಅದು, ಮೈದಾನಕ್ಕೆ ನೂರು ತುಂಬಿದ ವರ್ಷದಲ್ಲಿ. 1940ರ ದಶಕದ ಆ ದೊಡ್ಡ ತಂಡಗಳು ಯಾವ ಕೂಟಕ್ಕೂ ಸೇರಿರಲಿಲ್ಲ ಎಂಬುದೂ ಇದಕ್ಕೆ ಒಂದು ಕಾರಣ, ಅದನ್ನೂ ಹೇಳಬೇಕು.

ಎಂಟು ದಿನದ ನಂತರ ಮೇರಿಲ್ಯಾಂಡ್‌ನ ಲ್ಯಾಂಡೋವರ್‌ನಲ್ಲಿ 125ನೇ ಆರ್ಮಿ-ನೇವಿ ಪಂದ್ಯ. ಇಲ್ಲಿ ಆರ್ಮಿಯ ತಂತ್ರ ನೇವಿಗೆ ಹೊಸದೇ ಅಲ್ಲ, ಅದೂ ಇದೇ ಕಸುಬಿನ ತಂಡ. ಡೇಲಿ ಎಸೆದ ಚೆಂಡುಗಳಲ್ಲಿ ಮೂರು ನೇವಿಯ ಕೈ ಸೇರಿದವು. ಕೊನೆಯ ಕ್ವಾರ್ಟರ್. ನೇವಿ 21-13ರಿಂದ ಮುಂದಿದೆ, ನಾಲ್ಕನೇ ಡೌನ್, ಚೆಂಡು ತನ್ನದೇ ಅರ್ಧದಲ್ಲಿ. ಒದ್ದು ಒಪ್ಪಿಸುವ ಹಾಗೆ ಸಾಲು ಕಟ್ಟಿತು. ಚೆಂಡು ಮಾತ್ರ ಒದೆಯುವವನ ಹತ್ತಿರ ಹೋಗಲೇ ಇಲ್ಲ. ರಕ್ಷಣಾ ಸಾಲಿನ ನಟ್ಟನಡುವೆ ಆಡುವ ಭಾರೀ ಮೈಯ ಲ್ಯಾಂಡನ್ ರಾಬಿನ್ಸನ್ ಅದನ್ನು ಹಿಡಿದು 29 ಗಜ ಓಡಿಬಿಟ್ಟ. ಆರ್ಮಿಗೆ ಮರಳಿ ಬರಲು ಇದ್ದ ಬಾಗಿಲು ಅಲ್ಲೇ ಮುಚ್ಚಿತು. 31-13. ವಾಯುಪಡೆಯನ್ನೂ ಸೋಲಿಸಿದ್ದ ನೇವಿಗೆ ಮೂರು ಅಕಾಡೆಮಿಗಳ ನಡುವಿನ ಕಮಾಂಡರ್-ಇನ್-ಚೀಫ್ ಟ್ರೋಫಿಯೂ ಸಂದಿತು.

ಪಂದ್ಯ ಮುಗಿದ ಮೇಲೆ ಎರಡೂ ತಂಡ ಒಟ್ಟಿಗೆ ಮೊದಲು ಸೋತವರ ಗ್ಯಾಲರಿಯ ಮುಂದೆ ಹೋಗಿ ನಿಲ್ಲುತ್ತವೆ, ಅವರ ಅಕಾಡೆಮಿ ಗೀತೆ ಹಾಡುತ್ತಾರೆ. ಆಮೇಲೆ ಗೆದ್ದವರ ಕಡೆಗೆ. ಆದ್ದರಿಂದಲೇ ಇಬ್ಬರ ಬಾಯಲ್ಲೂ ವರ್ಷವಿಡೀ ಇರುವ ಆಸೆ 'ಎರಡನೆಯದಾಗಿ ಹಾಡಬೇಕು' ಎಂಬುದು. ಕೂಟದ ಪ್ರಶಸ್ತಿ ಗೆದ್ದ ವರ್ಷವೇ ಆರ್ಮಿ ಮೊದಲು ಹಾಡಬೇಕಾಯಿತು. ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತ ಆ ಹುಡುಗರ ಮುಖ ನೋಡಿದರೆ ಹನ್ನೊಂದು ಗೆಲುವುಗಳೂ ಆ ಗಳಿಗೆಯಲ್ಲಿ ಅವರಿಗೆ ನೆನಪಿಲ್ಲ ಎಂದು ತಿಳಿಯುತ್ತದೆ. ಅವರಿಗೆ ಇದೊಂದೇ ಪಂದ್ಯ ಬೇರೆ ಲೆಕ್ಕ.

ಕೊನೆಯ ಪಂದ್ಯ ಡಿಸೆಂಬರ್ 28ರಂದು ಲೂಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ, ಇಂಡಿಪೆಂಡೆನ್ಸ್ ಬೌಲ್ ಎಂಬ ಸೀಸನ್ ಕೊನೆಯ ಆಹ್ವಾನ ಪಂದ್ಯ. ಎದುರಾಳಿಯಾಗಬೇಕಿದ್ದದ್ದು ಮಾರ್ಷಲ್ ವಿಶ್ವವಿದ್ಯಾಲಯ. ಆದರೆ ಅವರ ಕೋಚ್ ಬೇರೆ ಕಾಲೇಜಿಗೆ ಹೋದರು, ಹಿಂದೆಯೇ ಹತ್ತಾರು ಆಟಗಾರರು ವರ್ಗಾವಣೆಗೆ ಹೆಸರು ಕೊಟ್ಟರು. ಮೈದಾನಕ್ಕಿಳಿಸಲು ಸಾಕಷ್ಟು ಜನವಿಲ್ಲದೆ ಮಾರ್ಷಲ್ ಹಿಂದೆ ಸರಿಯಿತು, ಲೂಸಿಯಾನಾ ಟೆಕ್ ಬಂತು. ಈ ಒಂದು ಘಟನೆಯಲ್ಲಿ ಆ ವರ್ಷದ ಕಥೆಯೆಲ್ಲ ಇದೆ. ಅತ್ತ ತಂಡವೇ ಕರಗಿಹೋಯಿತು. ಇತ್ತ ಮೂರನೇ ವರ್ಷಕ್ಕೆ ಕಾಲಿಟ್ಟ ಮೇಲೆ ಸೇವೆಯ ಋಣಕ್ಕೆ ಬೀಳುವ ಕೆಡೆಟ್‌ಗಳು ಹೋಗುವಂತಿಲ್ಲ. ಅದಕ್ಕೂ ಮೊದಲು ಹೋಗಬಹುದು, ಹೋಗುವವರೂ ಇದ್ದಾರೆ: ಆ ಸೀಸನ್ ಸಾವಿರ ಗಜ ದಾಟಿ ಓಡಿದ ಕಾನ್ಯೆ ಉಡೋ ಎರಡನೇ ವರ್ಷದಲ್ಲಿದ್ದ, ಅರಿಜೋನಾ ಸ್ಟೇಟ್ ಸೇರಿದ. ಆದರೆ ಮುಂದಿನ ಸಾಲಿನ ಹುಡುಗರು ಮೂರು-ನಾಲ್ಕು ವರ್ಷ ಅಕ್ಕಪಕ್ಕ ನಿಂತು, ಒಂದೇ ಬ್ಯಾರಕ್‌ನಲ್ಲಿ ಮಲಗಿ, ಪಕ್ಕದವನ ಹೆಜ್ಜೆ ಎತ್ತ ಹೋಗುತ್ತದೆಂದು ನೋಡದೆಯೇ ತಿಳಿಯುವಷ್ಟು ಪಳಗಿದ್ದರು. ಆಪ್ಷನ್‌ಗೆ ಬೇಕಾದದ್ದು ಅದೇ. ದುಡ್ಡು ಕೊಟ್ಟು ಒಂದೇ ವರ್ಷದಲ್ಲಿ ತರಲಾಗದ ವಸ್ತುವೂ ಅದೇ.

ಶ್ರೀವ್‌ಪೋರ್ಟ್‌ನಲ್ಲಿ 27-6. ಡೇಲಿಯ ಮೂರು ಟಚ್‌ಡೌನ್ ಸೇರಿ ಸೀಸನ್ನಿನಲ್ಲಿ ಒಟ್ಟು 32 ಓಟದ ಟಚ್‌ಡೌನ್. ಕ್ವಾರ್ಟರ್‌ಬ್ಯಾಕ್ ಒಬ್ಬನ ದಾಖಲೆ, ಅಲ್ಲಿಯವರೆಗಿನ 31 ನೇವಿಯ ಕೀನನ್ ರೆನಾಲ್ಡ್ಸ್‌ನದು, 2013ರದ್ದು. ದೇಶದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಮತದಾನದಲ್ಲಿ ಡೇಲಿ ಆರನೆಯವನು. ತಂಡ ಪಂದ್ಯಕ್ಕೆ ಸರಾಸರಿ 300 ಗಜ ಓಡಿ ದೇಶಕ್ಕೆ ಮೊದಲಾಯಿತು. 12 ಗೆಲುವು, ಎರಡು ಸೋಲು. ಒಂದೇ ಸೀಸನ್ನಿನಲ್ಲಿ 12 ಪಂದ್ಯ ಆರ್ಮಿ ಹಿಂದೆಂದೂ ಗೆದ್ದಿರಲಿಲ್ಲ.

ಜೋ ಮೂರ್ ಪ್ರಶಸ್ತಿಯೂ ಆ ವರ್ಷ ಆರ್ಮಿಗೇ ಬಂತು. ಅದು ಒಬ್ಬನಿಗೆ ಕೊಡುವುದಲ್ಲ, ದೇಶದ ಅತ್ಯುತ್ತಮ ಮುಂದಿನ ಸಾಲಿಗೆ ಕೊಡುವುದು. 2015ರಿಂದ ಅಲಬಾಮಾ, ಮಿಷಿಗನ್, ನೋಟರ್ ಡೇಮ್‌ನಂಥ ದೈತ್ಯರೇ ಪಡೆದದ್ದು. ಅದನ್ನು ಗೆದ್ದ ಹಿರಿಯ ಹುಡುಗರು ಜನವರಿಯಿಂದ ತಟ್ಟೆಯ ಅನ್ನ ಕಡಿಮೆ ಮಾಡಿ, ಬೆಟ್ಟದ ದಾರಿಯಲ್ಲಿ ಮೈಲಿಗಟ್ಟಲೆ ಓಡಿ, ನಾಲ್ಕು ವರ್ಷ ಕಷ್ಟಪಟ್ಟು ಬೆಳೆಸಿದ ಮೈಯನ್ನು ಇಳಿಸಬೇಕಿತ್ತು. 2025ರ ಮೇ 24ರಂದು, ಟುಲೇನ್ ತಂಡವನ್ನು ಮಣಿಸಿದ ಅದೇ ಮೈಕಿ ಸ್ಟೇಡಿಯಂನಲ್ಲಿ, ಆ ವರ್ಷದ ಕೆಡೆಟ್‌ಗಳು ಬಿಳಿ ಟೋಪಿಗಳನ್ನು ಮೇಲಕ್ಕೆ ತೂರಿ ಸೆಕೆಂಡ್ ಲೆಫ್ಟಿನೆಂಟ್‌ಗಳಾದರು.